ಕಾಯುವುದು ಬೇಡ, ಕಾಪಾಡಿಕೊಳ್ಳೋಣ

ಎಚ್.ಐ.ವಿ. ಇದೆ ಎಂದು ತಿಳಿದ ಮೇಲೆ ಮಾಡಬೇಕಾದದ್ದು



ಪ್ರತಿ ವರ್ಷ ಡಿಸೆಂಬರ್ 1 ಬಂದಾಗ ನಮ್ಮ ಧರ್ಮಕೇಂದ್ರಗಳಲ್ಲಿ ವಿಶ್ವ ಏಡ್ಸ್ ದಿನದ ಮಾತು ಬರುತ್ತದೆ. ಯುವಕ ಯುವತಿಯರು ಎದೆಗೆ ಕೆಂಪು ರಿಬ್ಬನ್ ಸಿಕ್ಕಿಸಿಕೊಳ್ಳುತ್ತಾರೆ. ಬಲಿಪೂಜೆಯ ಕೊನೆಯಲ್ಲಿ ಯಾರಾದರೂ ನಿಂತು ಈ ಸೋಂಕು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ಐದು ನಿಮಿಷ ಹೇಳುತ್ತಾರೆ. ಒಳ್ಳೆಯದೇ. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತು ಆ ಮಾತನ್ನು ಕೇಳುತ್ತಿರುವ ಒಬ್ಬರಿಗೆ ಅದಾಗಲೇ ಸೋಂಕು ತಗುಲಿದ್ದರೆ? ಆಸ್ಪತ್ರೆಯಿಂದ ತಂದ ಕಾಗದವನ್ನು ಟ್ರಂಕಿನ ತಳದಲ್ಲಿ ಬಟ್ಟೆಗಳ ಕೆಳಗೆ ಬಚ್ಚಿಟ್ಟು ಪೂಜೆಗೆ ಬಂದಿದ್ದರೆ? ಅವರಿಗೆ ಬೇಕಾಗಿರುವುದು ಆ ಐದು ನಿಮಿಷದ ಮುಂದಿನ ಮಾತು. ಇನ್ನು ಏನು ಮಾಡಬೇಕು? ಯಾವಾಗ ಮಾಡಬೇಕು? ಮೈಯಲ್ಲಿ ಏನೂ ತೊಂದರೆ ಕಾಣದಿರುವಾಗ ಔಷಧ ಏಕೆ?

ಆ ಮುಂದಿನ ಮಾತನ್ನು ನಾವು ಈ ಪುಟಗಳಲ್ಲಿ ಆಡೋಣ. ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಪುಟ ತಿರುಗಿಸಬೇಡಿ. 2023ರ ಸರ್ಕಾರಿ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್.ಐ.ವಿ. ಸೋಂಕಿನೊಂದಿಗೆ ಬದುಕುತ್ತಿದ್ದಾರೆ. ಅವರು ಯಾವುದೋ ಬೇರೆ ಲೋಕದವರಲ್ಲ. ದುಡಿಯಲು ಹೋದ ಗಂಡನಿಂದ ಸೋಂಕು ಪಡೆದ ಹೆಂಡತಿ, ಹುಟ್ಟುವಾಗಲೇ ತಾಯಿಯಿಂದ ಪಡೆದ ಮಗು, ಇವರೆಲ್ಲ ನಮ್ಮ ನಮ್ಮ ಬೀದಿಗಳಲ್ಲೇ ಇದ್ದಾರೆ.

ಒಳಗೆ ನಡೆಯುವುದೇನು?

ನಮ್ಮ ರಕ್ತದಲ್ಲಿ ರೋಗಗಳನ್ನು ಎದುರಿಸುವ ಬಿಳಿಯ ಕಣಗಳಿವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಇವುಗಳಲ್ಲಿ ಒಂದು ಬಗೆಗೆ ಸಿ.ಡಿ.4 ಕಣಗಳು ಎನ್ನುತ್ತಾರೆ. ಇವು ಊರಿನ ಕಾವಲುಗಾರರಿದ್ದಂತೆ. ಕಳ್ಳ ಬಂದಾಗ ತಾವೇ ಬಡಿಗೆ ಹಿಡಿಯುವುದಕ್ಕಿಂತ ಹೆಚ್ಚಾಗಿ ಸೀಟಿ ಊದಿ ಊರನ್ನೆಲ್ಲ ಎಬ್ಬಿಸುವುದು ಇವುಗಳ ಕೆಲಸ. ಸೀಟಿ ಕೇಳಿದ ಮೇಲೆ ಉಳಿದ ಕಣಗಳು ಓಡಿಬಂದು ರೋಗಾಣುವಿನ ಮೇಲೆ ಬೀಳುತ್ತವೆ.

ಎಚ್.ಐ.ವಿ. ಎಂಬ ವೈರಾಣು ಮಾಡುವ ಮೋಸ ಇಲ್ಲೇ ಇದೆ. ಅದು ನೇರವಾಗಿ ಕಾವಲುಗಾರನ ಮನೆಯನ್ನೇ ಹೊಕ್ಕುತ್ತದೆ. ಸಿ.ಡಿ.4 ಕಣದೊಳಗೆ ಸೇರಿ, ಅದರ ಸಲಕರಣೆಗಳಿಂದಲೇ ತನ್ನ ಸಾವಿರಾರು ಪ್ರತಿಗಳನ್ನು ಮಾಡಿಸಿಕೊಂಡು, ಕೊನೆಗೆ ಆ ಕಣವನ್ನೇ ಕೊಲ್ಲುತ್ತದೆ. ಸೋಂಕು ತಗುಲಿದ ಕೆಲವು ವಾರಗಳಲ್ಲಿ ಜ್ವರ, ಗಂಟಲುನೋವು ಬಂದು ಹೋಗಬಹುದು, ಬಾರದೆಯೂ ಇರಬಹುದು. ಆಮೇಲೆ ಬಹುಪಾಲು ಜನರಿಗೆ ವರ್ಷಗಟ್ಟಲೆ ಏನೂ ತಿಳಿಯುವುದಿಲ್ಲ. ಹೊಲಕ್ಕೆ ಹೋಗುತ್ತಾರೆ, ಮಗ್ಗದಲ್ಲಿ ಕೂರುತ್ತಾರೆ, ಲಾರಿ ಓಡಿಸುತ್ತಾರೆ. ಔಷಧವಿಲ್ಲದಿದ್ದರೆ ಈ ಮೌನದ ಕಾಲ ಎಂಟು ಹತ್ತು ವರ್ಷವೂ ಇರಬಹುದು. ಹೊರಗೆ ಮೌನ, ಒಳಗೆ ಮಾತ್ರ ಪ್ರತಿದಿನ ಕಾವಲುಗಾರರು ಸಾಯುತ್ತಿರುತ್ತಾರೆ. ಮೈ ಚೆನ್ನಾಗಿದೆ ಎಂಬ ಅನಿಸಿಕೆ ಈ ಕಾಯಿಲೆಯಲ್ಲಿ ನಂಬಲಾಗದ ಸಾಕ್ಷಿ. ಆದ್ದರಿಂದಲೇ ಎಣಿಸಿ ನೋಡಬೇಕು.

ಎರಡು ಎಣಿಕೆಗಳು

ಎಣಿಸುವುದು ಎರಡನ್ನು. ಮೊದಲನೆಯದು ಸಿ.ಡಿ.4 ಎಣಿಕೆ, ಅಂದರೆ ಎಷ್ಟು ಕಾವಲುಗಾರರು ಉಳಿದಿದ್ದಾರೆ ಎಂಬ ಲೆಕ್ಕ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ, ಅಂದರೆ ಒಂದು ಸಣ್ಣ ಹನಿಗಿಂತಲೂ ಕಡಿಮೆ ರಕ್ತದಲ್ಲಿ, ಆರೋಗ್ಯವಂತ ವಯಸ್ಕರಿಗೆ ಸಾಮಾನ್ಯವಾಗಿ 500ರಿಂದ 1500ರವರೆಗೆ ಸಿ.ಡಿ.4 ಕಣಗಳಿರುತ್ತವೆ. ಎರಡನೆಯದು ವೈರಲ್ ಲೋಡ್, ಅಂದರೆ ರಕ್ತದಲ್ಲಿ ಎಷ್ಟು ವೈರಾಣುಗಳು ತಿರುಗಾಡುತ್ತಿವೆ ಎಂಬ ಲೆಕ್ಕ. ಒಂದು ಎಣಿಕೆ ಕಾವಲಿನದು, ಇನ್ನೊಂದು ಕಳ್ಳರದು. ಕಳ್ಳರು ಕಡಿಮೆಯಾದರೆ ಕಾವಲು ತಾನಾಗಿಯೇ ಬೆಳೆಯುತ್ತದೆ.

ಸಿ.ಡಿ.4 ಎಣಿಕೆ 200ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ಮುಂದುವರಿದ ಹಂತ ಎನ್ನುತ್ತಾರೆ. ಆರೋಗ್ಯವಂತರನ್ನು ಏನೂ ಮಾಡಲಾಗದ ಸಣ್ಣ ರೋಗಾಣುಗಳು ಆಗ ದೊಡ್ಡ ಶತ್ರುಗಳಾಗುತ್ತವೆ. 200ರ ಕೆಳಗೆ ಒಂದು ಬಗೆಯ ನ್ಯುಮೋನಿಯಾ, 100ರ ಕೆಳಗೆ ಶಿಲೀಂಧ್ರದಿಂದ ಬರುವ ಮಿದುಳುಪೊರೆಯ ಉರಿಯೂತ, 50ರ ಕೆಳಗೆ ಕಣ್ಣಿನ ದೃಷ್ಟಿಯನ್ನೇ ಕಸಿಯುವ ಸೋಂಕು ಬರುವ ಅಪಾಯ ಹೆಚ್ಚು. ಕ್ಷಯರೋಗ ಮಾತ್ರ ಯಾವ ಮೆಟ್ಟಿಲನ್ನೂ ಕಾಯುವುದಿಲ್ಲ. ಎಣಿಕೆ ಎಷ್ಟೇ ಇದ್ದರೂ ಅದು ಬರಬಹುದು. ನಮ್ಮ ದೇಶದಲ್ಲಿ ಎಚ್.ಐ.ವಿ. ಇರುವವರ ಮುಖ್ಯ ಶತ್ರು ಅದೇ.

ಇಲ್ಲಿ ಒಂದು ಕಿವಿಮಾತು. ಸಿ.ಡಿ.4 ಎಣಿಕೆ ಒಂದೇ ಜಾಗದಲ್ಲಿ ನಿಲ್ಲುವ ಕಲ್ಲಲ್ಲ. ನೆಗಡಿ ಜ್ವರ ಬಂದಿದ್ದರೆ ಇಳಿಯುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಇರುತ್ತದೆ. ಹೋದ ಸಲ 520 ಇದ್ದದ್ದು ಈ ಸಲ 470 ಆಯಿತು ಎಂದು ಊಟ ಬಿಡಬೇಕಾಗಿಲ್ಲ. ಒಂದು ಸಂಖ್ಯೆಯನ್ನಲ್ಲ, ಸಂಖ್ಯೆಗಳು ನಡೆಯುತ್ತಿರುವ ದಾರಿಯನ್ನು ನೋಡಬೇಕು. ಹಾಗೆ ನೋಡಬೇಕಾದರೆ ಹಳೆಯ ಕಾಗದಗಳು ಕೈಯಲ್ಲಿರಬೇಕು. ಆದ್ದರಿಂದ ಒಂದನ್ನೂ ಹರಿದು ಹಾಕಬೇಡಿ. ದಿನಾಂಕದ ಕ್ರಮದಲ್ಲಿ ಒಂದು ಚೀಲದಲ್ಲಿಡಿ.

ಕಾಯುವ ಕಾಲ ಹೋಯಿತು

ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಇನ್ನೂ ಒಂದು ಹಳೆಯ ಮಾತು ಕುಳಿತಿದೆ: “ಎಣಿಕೆ ಚೆನ್ನಾಗಿದೆಯಂತೆ, ಈಗಲೇ ಮಾತ್ರೆ ಬೇಡ, ಬಿದ್ದಾಗ ನೋಡೋಣ.” ಇದು ಸುಮ್ಮನೆ ಹುಟ್ಟಿದ ಮಾತಲ್ಲ. ಒಂದು ಕಾಲದಲ್ಲಿ ವೈದ್ಯರೇ ಹೀಗೆ ಹೇಳುತ್ತಿದ್ದರು. ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರ ಶ್ರಮದಿಂದ. ಸರ್ಕಾರ ಉಚಿತವಾಗಿ ಎ.ಆರ್.ಟಿ. ಔಷಧ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಆಗ ಔಷಧ ದುಬಾರಿ, ಅಡ್ಡಪರಿಣಾಮಗಳೂ ಹೆಚ್ಚು. ಆದ್ದರಿಂದ ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ ಮೊದಲು ಎಂಬ ನಿಯಮವಿತ್ತು. ಮುಂದೆ ಆ ಗೆರೆ 350ಕ್ಕೆ ಏರಿತು, ಆಮೇಲೆ 500ಕ್ಕೆ.

2015ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಹೊರಬಂತು. 35 ದೇಶಗಳ 4,685 ಜನರಲ್ಲಿ ನಡೆದ ಈ ಅಧ್ಯಯನದ ಹೆಸರು ಸ್ಟಾರ್ಟ್. ಎಲ್ಲರಿಗೂ ಸಿ.ಡಿ.4 ಎಣಿಕೆ 500ಕ್ಕಿಂತ ಮೇಲಿತ್ತು. ಅರ್ಧದಷ್ಟು ಜನರಿಗೆ ತಕ್ಷಣ ಔಷಧ ಕೊಡಲಾಯಿತು. ಉಳಿದವರು ಎಣಿಕೆ 350ಕ್ಕೆ ಇಳಿಯುವವರೆಗೆ ಕಾದರು. ಕಾದವರಿಗೆ ಹೋಲಿಸಿದರೆ ತಕ್ಷಣ ಆರಂಭಿಸಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವು ಅರ್ಧಕ್ಕಿಂತ ಕಡಿಮೆಯಾಗಿತ್ತು. ಚೆನ್ನಾಗಿದ್ದೇವೆ ಎಂದು ಕಾದದ್ದೇ ನಷ್ಟವಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಎಣಿಕೆ ಎಷ್ಟೇ ಇರಲಿ ಎಲ್ಲರಿಗೂ ಔಷಧ ಎಂದಿತು. 2017ರಲ್ಲಿ ಭಾರತ ಸರ್ಕಾರವೂ ಅದನ್ನೇ ಒಪ್ಪಿತು.

ಆದ್ದರಿಂದ ಇಂದು ಸಿ.ಡಿ.4 ಪರೀಕ್ಷೆ ಮಾಡುವುದು ಔಷಧ ಬೇಕೇ ಬೇಡವೇ ಎಂದು ತೀರ್ಮಾನಿಸಲು ಅಲ್ಲ. ಔಷಧ ಎಲ್ಲರಿಗೂ ಬೇಕು. ಔಷಧದ ಜೊತೆಗೆ ಇನ್ನೇನು ರಕ್ಷಣೆ ಬೇಕು, ಯಾವ ಅಪಾಯ ಬಾಗಿಲ ಬಳಿ ನಿಂತಿದೆ ಎಂದು ತಿಳಿಯಲು ಆ ಎಣಿಕೆ.

ಮೊದಲ ವಾರಗಳ ಕೆಲಸ

ಸೋಂಕು ಖಚಿತವಾದ ಮೇಲೆ ಪರೀಕ್ಷಾ ಕೇಂದ್ರದವರು ಹತ್ತಿರದ ಎ.ಆರ್.ಟಿ. ಕೇಂದ್ರಕ್ಕೆ ಚೀಟಿ ಕೊಡುತ್ತಾರೆ. ಆ ಚೀಟಿ ಜೇಬಿನಲ್ಲಿ ಮುದುಡಿ ಹಳೆಯದಾಗುವುದೇ ದೊಡ್ಡ ಅಪಾಯ. “ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ” ಎಂದು ಮುಂದೂಡಿದವರು ಕೊನೆಗೆ ಸ್ಟ್ರೆಚರ್ ಮೇಲೆ ಬರುವುದನ್ನು ನಾವು ಧರ್ಮಗುರುಗಳು ಆಸ್ಪತ್ರೆ ಭೇಟಿಗಳಲ್ಲಿ ನೋಡಿದ್ದೇವೆ. ಖಚಿತವಾದ 7 ದಿನಗಳೊಳಗೆ, ಸಿದ್ಧರಿದ್ದರೆ ಅದೇ ದಿನವೇ ಔಷಧ ಆರಂಭಿಸಬಹುದು ಎಂಬುದು ಈಗಿನ ವೈದ್ಯರ ಮಾತು.

ಎ.ಆರ್.ಟಿ. ಕೇಂದ್ರದಲ್ಲಿ ಸಾಮಾನ್ಯವಾಗಿ ನಡೆಯುವ ಕೆಲಸಗಳಿವು:

ಸಿ.ಡಿ.4 ಎಣಿಕೆ ನೋಡುತ್ತಾರೆ. ರಕ್ತಹೀನತೆ, ಮೂತ್ರಪಿಂಡ, ಯಕೃತ್ತು, ಸಕ್ಕರೆ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೂ ಇರುತ್ತವೆ. ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮುಖ್ಯ, ನಾಚಿಕೆಯಿಂದ ಬಿಡಬೇಡಿ.

ಕ್ಷಯದ ನಾಲ್ಕು ಪ್ರಶ್ನೆಗಳನ್ನು ಪ್ರತಿ ಭೇಟಿಯಲ್ಲೂ ಕೇಳುತ್ತಾರೆ: ಕೆಮ್ಮು ಇದೆಯೇ? ಜ್ವರ ಇದೆಯೇ? ತೂಕ ಇಳಿದಿದೆಯೇ? ರಾತ್ರಿ ಬೆವರು ಬರುತ್ತದೆಯೇ? ಮುಚ್ಚಿಡದೆ ಉತ್ತರಿಸಿ. ಕ್ಷಯ ಇಲ್ಲವೆಂದು ತಿಳಿದರೆ ಅದು ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಇದೆ ಎಂದು ತಿಳಿದರೆ ಮೊದಲು ಕ್ಷಯದ ಔಷಧ, ಸ್ವಲ್ಪ ದಿನಗಳಲ್ಲಿ ಎ.ಆರ್.ಟಿ.

ಎಣಿಕೆ 350ಕ್ಕಿಂತ ಕೆಳಗಿದ್ದರೆ ಕೊಟ್ರಿಮಾಕ್ಸಜೋಲ್ ಎಂಬ ಅಗ್ಗದ ಹಳೆಯ ಮಾತ್ರೆಯನ್ನೂ ಕೊಡುತ್ತಾರೆ. ನ್ಯುಮೋನಿಯಾ ಮತ್ತು ಮಿದುಳಿನ ಕೆಲವು ಸೋಂಕುಗಳಿಗೆ ಅದು ಬೇಲಿ. ಕಾವಲು ಬೆಳೆದ ಮೇಲೆ ವೈದ್ಯರೇ ಅದನ್ನು ನಿಲ್ಲಿಸುತ್ತಾರೆ.

ಎಣಿಕೆ ತೀರಾ ಕೆಳಗಿದ್ದು ಬಿಡದ ತಲೆನೋವು, ಜ್ವರ, ವಾಂತಿ, ಮಂಕು, ಉಸಿರಾಟದ ಕಷ್ಟ, ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಮುಂದಿನ ತಾರೀಖಿನವರೆಗೆ ಮನೆಯಲ್ಲಿ ಕೂರಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಿದುಳುಪೊರೆಯ ಸೋಂಕಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಕೊಟ್ಟು ಕೆಲವು ವಾರ ಬಿಟ್ಟು ಎ.ಆರ್.ಟಿ. ಆರಂಭಿಸುತ್ತಾರೆ. ಕಾಯುವ ಅಗತ್ಯ ಬರುವುದು ಇಂಥ ಕಡೆ ಮಾತ್ರ, ಅದನ್ನು ನಿರ್ಧರಿಸುವುದು ವೈದ್ಯರು, ನಾವಲ್ಲ.

ದಿನಕ್ಕೊಂದು ಮಾತ್ರೆ

ಹಿಂದೆ ಹಿಡಿ ತುಂಬ ಮಾತ್ರೆ ನುಂಗಬೇಕಿತ್ತು. ಈಗ ಹೆಚ್ಚಿನ ವಯಸ್ಕರಿಗೆ ದಿನಕ್ಕೆ ಒಂದೇ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಅದರಲ್ಲಿ ಸೇರಿವೆ. ಟಿ.ಎಲ್.ಡಿ. ಎಂದು ಕರೆಯುತ್ತಾರೆ. ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಇದು ಉಚಿತ.

ಈ ಮಾತ್ರೆಯ ಬಗ್ಗೆ ಮನೆಯವರು ತಿಳಿದಿರಬೇಕಾದ ಕೆಲವು ಮಾತುಗಳಿವೆ. ಹೊಟ್ಟೆಯುರಿಗೆ ತೆಗೆದುಕೊಳ್ಳುವ ಆಂಟಾಸಿಡ್, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಇದರ ಜೊತೆಯಲ್ಲೇ ತೆಗೆದುಕೊಂಡರೆ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಇದನ್ನು ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರು, ಕ್ಷಯಕ್ಕೆ ರಿಫಾಂಪಿಸಿನ್ ತಿನ್ನುವವರು ಅದನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಪ್ರಮಾಣ ಬದಲಾಗುತ್ತದೆ. ನಾಟಿ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಬೈದಾರು ಎಂಬ ಹೆದರಿಕೆಗಿಂತ ಪ್ರಾಣ ದೊಡ್ಡದು. ಹೆಪಟೈಟಿಸ್ ಬಿ ಕೂಡ ಇರುವವರು ಈ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಯಕೃತ್ತು ಕೆರಳುತ್ತದೆ.

ಆರಂಭಿಸಿದ ಮೊದಲ ವಾರಗಳಲ್ಲಿ ಕೆಲವರಿಗೆ, ಮುಖ್ಯವಾಗಿ ಎಣಿಕೆ ತೀರಾ ಕೆಳಗಿದ್ದವರಿಗೆ, ಜ್ವರ ಬರಬಹುದು, ಗಡ್ಡೆ ಊದಬಹುದು. ಎಚ್ಚೆತ್ತ ಕಾವಲುಗಾರರು ಒಳಗೆ ಅಡಗಿದ್ದ ಹಳೆಯ ರೋಗಾಣುವಿನ ಮೇಲೆ ಬೀಳುವ ಗದ್ದಲ ಅದು. “ಮಾತ್ರೆ ತಿಂದ ಮೇಲೇ ಹೆಚ್ಚಾಯಿತು” ಎಂದು ನಿಲ್ಲಿಸಬೇಡಿ. ಕೇಂದ್ರಕ್ಕೆ ಹೋಗಿ ತೋರಿಸಿ.

‘ಕಾಣುತ್ತಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ

ಔಷಧ ಆರಂಭಿಸಿದ 6 ತಿಂಗಳಿಗೆ, ಆಮೇಲೆ 12 ತಿಂಗಳಿಗೆ, ನಂತರ ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ ನಡೆಯುತ್ತದೆ. ನಮ್ಮ ದೇಶದ ಸರ್ಕಾರಿ ಕೇಂದ್ರಗಳಲ್ಲಿ ಇದು ಎಲ್ಲರಿಗೂ ವಾಡಿಕೆಯ ಪರೀಕ್ಷೆಯಾದದ್ದು 2018ರಿಂದ ಈಚೆಗೆ. ಅದಕ್ಕೆ ಮೊದಲು ಮುಖ್ಯವಾಗಿ ಸಿ.ಡಿ.4 ಒಂದನ್ನೇ ನೋಡಿ ಅಂದಾಜು ಮಾಡಬೇಕಿತ್ತು. ಕಳ್ಳರ ಎಣಿಕೆ ಮೊದಲು ಏರುತ್ತದೆ. ಕಾವಲಿನ ಎಣಿಕೆ ತಿಂಗಳುಗಳ ನಂತರ ಇಳಿಯುತ್ತದೆ. ಆದ್ದರಿಂದ ಔಷಧ ಕೆಲಸ ಮಾಡುತ್ತಿದೆಯೇ ಎಂದು ಬೇಗ ಹೇಳುವುದು ವೈರಲ್ ಲೋಡ್. ಅದು ಹತೋಟಿಯಲ್ಲಿದ್ದು ಸಿ.ಡಿ.4 ಚೆನ್ನಾಗಿ ಏರಿದ ಮೇಲೆ “ಇನ್ನು ಸಿ.ಡಿ.4 ಪರೀಕ್ಷೆ ಬೇಡ” ಎಂದು ವೈದ್ಯರು ಹೇಳಬಹುದು. ಅದು ನಿರ್ಲಕ್ಷ್ಯವಲ್ಲ, ಒಳ್ಳೆಯ ಸುದ್ದಿ.

ಒಂದು ಮಿಲಿಲೀಟರ್ ರಕ್ತದಲ್ಲಿ ವೈರಾಣು 1000ಕ್ಕಿಂತ ಕಡಿಮೆಯಿದ್ದರೆ ಹತೋಟಿಯಲ್ಲಿದೆ ಎನ್ನುತ್ತಾರೆ. ಯಂತ್ರಕ್ಕೇ ಸಿಗದಷ್ಟು ಕಡಿಮೆಯಾದರೆ ವರದಿಯಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಎಂದು ಬರೆದಿರುತ್ತದೆ. ಈ ಮೂರು ಪದ ಓದಿ ಕಣ್ಣೀರು ಸುರಿಸಿ ಸಂತೋಷಪಟ್ಟವರಿದ್ದಾರೆ. ಸಂತೋಷಪಡಬೇಕಾದದ್ದೇ. ಆದರೆ ಅದನ್ನು “ರೋಗ ಹೋಯಿತು” ಎಂದು ಓದಿ ಮಾತ್ರೆ ನಿಲ್ಲಿಸಿದವರೂ ಇದ್ದಾರೆ. ವೈರಾಣು ರಕ್ತದಿಂದ ಮರೆಯಾದರೂ ಕೆಲವು ಕಣಗಳೊಳಗೆ ನಿದ್ದೆ ಮಾಡುತ್ತಿರುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಏಳುತ್ತದೆ. ಬೇಲಿ ಗಟ್ಟಿಯಾಗಿರುವುದರಿಂದಲೇ ದನ ಒಳಗೆ ಬಂದಿಲ್ಲ. ದನ ಬಂದಿಲ್ಲವೆಂದು ಬೇಲಿ ಕಿತ್ತರೆ ಪೈರು ಉಳಿಯುತ್ತದೆಯೇ?

ಎಣಿಕೆ 1000ಕ್ಕೆ ಮುಟ್ಟಿದರೆ ಅಥವಾ ದಾಟಿದರೆ ಅದು ಅಪರಾಧವಲ್ಲ, ಎಚ್ಚರಿಕೆಯ ಗಂಟೆ. ಬಹಳ ಸಲ ಕಾರಣ ತಪ್ಪಿದ ಮಾತ್ರೆಗಳೇ. ಆಪ್ತಸಮಾಲೋಚಕರು ಜೊತೆ ಕೂತು ಕಾರಣ ಹುಡುಕುತ್ತಾರೆ. ಸುಮಾರು ಮೂರು ತಿಂಗಳು ಮಾತ್ರೆ ಸರಿಯಾಗಿ ತೆಗೆದುಕೊಂಡ ಮೇಲೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಆಗಲೂ ಇಳಿಯದಿದ್ದರೆ ಔಷಧ ಬದಲಿಸುವ ಯೋಚನೆ. ಆದ್ದರಿಂದ ಮಾತ್ರೆ ತಪ್ಪಿದ್ದರೆ ತಪ್ಪಿತು ಎಂದೇ ಹೇಳಿ. ಸುಳ್ಳು ಹೇಳಿದರೆ ಒಳ್ಳೆಯ ಔಷಧವನ್ನು ಸುಮ್ಮನೆ ಕಳೆದುಕೊಂಡಂತೆ.

ದಂಪತಿಗಳಿಗೆ ಇನ್ನೊಂದು ಸಮಾಧಾನದ ಸಂಗತಿ. ಒಂಬತ್ತು ದೇಶಗಳ 1,763 ದಂಪತಿಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ನಮ್ಮ ಪುಣೆ ಮತ್ತು ಚೆನ್ನೈನವರೂ ಇದ್ದರು. ಬೇಗ ಔಷಧ ಆರಂಭಿಸಿದರೆ ಸಂಗಾತಿಗೆ ಸೋಂಕು ದಾಟುವುದು ಶೇಕಡಾ 96ರಷ್ಟು ಕಡಿಮೆಯಾಗುತ್ತದೆ ಎಂದು 2011ರಲ್ಲಿ ಅದು ತೋರಿಸಿತು. ಮುಂದಿನ ಅಧ್ಯಯನಗಳು ಇನ್ನೂ ಸ್ಪಷ್ಟವಾಗಿ ಹೇಳಿದವು: ವೈರಾಣು ಪತ್ತೆಯಾಗದ ಮಟ್ಟದಲ್ಲೇ ಉಳಿದಿದ್ದರೆ ದಾಂಪತ್ಯದ ಸಂಬಂಧದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಆ ಮಟ್ಟ ತಲುಪುವವರೆಗೆ ವೈದ್ಯರ ಸಲಹೆಯಂತೆ ಎಚ್ಚರದಿಂದಿರಬೇಕು. ಸಂಗಾತಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ತಾಯಿ ಮತ್ತು ಮಗು

ಗರ್ಭಿಣಿಯರ ವಿಷಯದಲ್ಲಿ ಒಂದೊಂದು ವಾರವೂ ಎಣಿಕೆಗೆ ಬರುತ್ತದೆ. ಔಷಧವಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇಕಡಾ 15ರಿಂದ 45. ತಾಯಿ ಬೇಗ ಔಷಧ ಆರಂಭಿಸಿ, ಮಗುವಿಗೂ ಹುಟ್ಟಿದ ಕೂಡಲೇ ತಡೆ ಔಷಧ ಕೊಟ್ಟರೆ ಅದು ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಬಸುರಿಯಾದ ಕೂಡಲೇ ಪರೀಕ್ಷೆ ಮಾಡಿಸಿ. ಮಗುವಿಗೆ 6 ವಾರ, 6 ತಿಂಗಳು, 12 ತಿಂಗಳು, 18 ತಿಂಗಳಿನಲ್ಲಿ ಪರೀಕ್ಷೆಗಳಿವೆ. ಕೊನೆಯದು ಮುಗಿಯುವವರೆಗೆ ತಪ್ಪಿಸಬೇಡಿ. ಸೋಂಕಿರುವ ಶಿಶುವಿಗೆ ಚಿಕಿತ್ಸೆ ಸಿಗದಿದ್ದರೆ ಸುಮಾರು ಅರ್ಧದಷ್ಟು ಮಕ್ಕಳು ಎರಡನೆಯ ಹುಟ್ಟುಹಬ್ಬವನ್ನು ಕಾಣುವುದಿಲ್ಲ. ಸಣ್ಣ ಮಕ್ಕಳಿಗೆ ಸಿ.ಡಿ.4 ಕಣಗಳು ಸಹಜವಾಗಿಯೇ ಹೆಚ್ಚಿರುತ್ತವೆ. ದೊಡ್ಡವರ ಸಂಖ್ಯೆಗೆ ಹೋಲಿಸಿ “ಮಗುವಿಗೆ ಚೆನ್ನಾಗಿದೆ” ಎಂದು ಮನೆಯಲ್ಲೇ ತೀರ್ಮಾನಿಸಬೇಡಿ.

ಗಡಿಯಲ್ಲಿರುವ ನಮಗೆ

ನಾವು ಗಡಿಯ ಜನ. ನಮ್ಮ ಮನೆಮಾತು, ಪ್ರಾರ್ಥನೆ ಕನ್ನಡ. ಆಸ್ಪತ್ರೆಯ ಫಲಕ ಮರಾಠಿ, ತಮಿಳು, ತೆಲುಗು ಅಥವಾ ಮಲಯಾಳಂ. ಆಪ್ತಸಮಾಲೋಚಕರು ಹೇಳಿದ್ದು ಅರ್ಧ ಅರ್ಥವಾಗಿ, ಉಳಿದರ್ಧಕ್ಕೆ ತಲೆಯಾಡಿಸಿ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಹಾಗೆ ಮಾಡಬೇಡಿ. “ಇನ್ನೊಮ್ಮೆ ಹೇಳಿ, ನಿಧಾನವಾಗಿ ಹೇಳಿ” ಎಂದು ಕೇಳುವ ಹಕ್ಕು ನಿಮಗಿದೆ. ಮಾತು ಅರ್ಥವಾಗದಿದ್ದರೂ ಸಂಖ್ಯೆಗೆ ಭಾಷೆಯಿಲ್ಲ. ಪ್ರತಿ ಸಲವೂ ಎರಡೇ ಪ್ರಶ್ನೆ ಕೇಳಿ: ನನ್ನ ಸಿ.ಡಿ.4 ಎಷ್ಟು? ನನ್ನ ವೈರಲ್ ಲೋಡ್ ಎಷ್ಟು? ಉತ್ತರವನ್ನು ದಿನಾಂಕದೊಂದಿಗೆ ಬರೆದುಕೊಳ್ಳಿ.

ಇನ್ನೊಂದು, ಗುರುತು ಸಿಗಬಾರದೆಂದು ಗಡಿ ದಾಟಿ ಹೋಗುವುದು. ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ಜತ್ತಿನವರು ವಿಜಯಪುರಕ್ಕೆ, ಅಕ್ಕಲಕೋಟೆಯವರು ಕಲಬುರಗಿಗೆ, ಆದೋನಿಯವರು ಬಳ್ಳಾರಿಗೆ. ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಬಸ್ಸಿನ ಖರ್ಚು, ಕೆಲಸದ ಕೂಲಿ ಕಳೆದುಕೊಂಡು ಎಷ್ಟು ತಿಂಗಳು ಹೋಗಬಲ್ಲಿರಿ ಎಂದು ಮೊದಲೇ ಲೆಕ್ಕ ಹಾಕಿ. ಒಂದು ತಿಂಗಳು ತಪ್ಪಿದರೆ ಗುಟ್ಟು ಉಳಿಯಬಹುದು, ಕಾವಲು ಉಳಿಯುವುದಿಲ್ಲ. ಹೋಗಿಬರಲು ಕಷ್ಟವಾದರೆ ವರ್ಗಾವಣೆ ಪತ್ರ ಪಡೆದು ಹತ್ತಿರದ ಕೇಂದ್ರಕ್ಕೆ ಸೇರಬಹುದು. ರಾಜ್ಯ ಬೇರೆಯಾದರೂ ಕಾರ್ಯಕ್ರಮ ಒಂದೇ, ಮಾತ್ರೆಯೂ ಒಂದೇ. ಗೋವೆಗೋ ಪುಣೆಗೋ ದುಡಿಯಲು ಹೋಗುವವರು ಹೊರಡುವ ಮೊದಲೇ ಕೇಂದ್ರದಲ್ಲಿ ಹೇಳಿ ಮಾತ್ರೆ ಕಟ್ಟಿಸಿಕೊಳ್ಳಿ. ಚಿಕಿತ್ಸಾ ಪುಸ್ತಕವನ್ನು ಜೊತೆಗಿಟ್ಟುಕೊಳ್ಳಿ. ಎರಡು ಕಡೆ ಎರಡು ಹೆಸರಿನಲ್ಲಿ ನೋಂದಾಯಿಸಬೇಡಿ. ಹಳೆಯ ಎಣಿಕೆ ಒಂದು ಕಡೆ, ಹೊಸದು ಇನ್ನೊಂದು ಕಡೆಯಾದರೆ ವೈದ್ಯರಿಗೆ ದಾರಿ ಕಾಣುವುದಿಲ್ಲ.

ಸಂಶಯ ಬಂದಾಗ 1097ಕ್ಕೆ ಫೋನ್ ಮಾಡಬಹುದು. ಇದು ಸರ್ಕಾರದ ಉಚಿತ ಸಹಾಯವಾಣಿ. ಹೆಸರು ಹೇಳಬೇಕಾಗಿಲ್ಲ.

ಪ್ರಾರ್ಥನೆಯೂ ಮಾತ್ರೆಯೂ

ನಮ್ಮ ಜನರಲ್ಲಿ ಒಂದು ನೋವಿನ ಸಂಗತಿಯಿದೆ. ಧ್ಯಾನಕೂಟಕ್ಕೆ ಹೋಗಿ ಬಂದವರು, “ನನಗೆ ಗುಣವಾಗಿದೆ, ಇನ್ನು ಮಾತ್ರೆ ತಿಂದರೆ ವಿಶ್ವಾಸವಿಲ್ಲದಂತೆ” ಎಂದು ಔಷಧ ಬಿಡುತ್ತಾರೆ. ಧರ್ಮಗುರುಗಳಾಗಿ ನಾವು ಸ್ಪಷ್ಟವಾಗಿ ಹೇಳಬೇಕು: ಔಷಧ ಬಿಡಿ ಎಂದು ಧರ್ಮಸಭೆ ಯಾರಿಗೂ ಹೇಳುವುದಿಲ್ಲ. ಲೂಕನ ಶುಭಸಂದೇಶದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುಸ್ವಾಮಿಯ ಬಳಿ ಬಂದಾಗ, ಅವರು ಆ ಹತ್ತು ಮಂದಿಯನ್ನು ಯಾಜಕರ ಬಳಿ ಹೋಗಿ ಮೈ ತೋರಿಸಿಕೊಳ್ಳಲು ಕಳುಹಿಸಿದರು. ಅಂದಿನ ಕಾಲದಲ್ಲಿ ಗುಣವಾಗಿದೆಯೇ ಎಂದು ಪರೀಕ್ಷಿಸುವವರು ಯಾಜಕರೇ. ಪರೀಕ್ಷೆಗೆ ಒಡ್ಡಿಕೊಳ್ಳುವುದು ವಿಶ್ವಾಸದ ಕೊರತೆ ಎಂದು ಪ್ರಭು ಎಣಿಸಲಿಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವಂತೂ ವೈದ್ಯನನ್ನೂ ಔಷಧವನ್ನೂ ದೇವರ ಕೊಡುಗೆಯಾಗಿ ಕಾಣುತ್ತದೆ. ರಾತ್ರಿ ಜಪಸರ ಮುಗಿದ ಮೇಲೆ ಮಾತ್ರೆ ತೆಗೆದುಕೊಳ್ಳುವ ಅಭ್ಯಾಸವಿಟ್ಟುಕೊಂಡರೆ ಎರಡೂ ಮರೆಯುವುದಿಲ್ಲ.

ಮನೆ ಮತ್ತು ಧರ್ಮಕೇಂದ್ರ

ಇಷ್ಟೆಲ್ಲ ಪರೀಕ್ಷೆ, ಔಷಧ ಇದ್ದರೂ ಜನ ತಡವಾಗಿ ಬರುವುದೇಕೆ? ಹೆಚ್ಚಿನ ಸಲ ಉತ್ತರ ಒಂದೇ: “ಯಾರಿಗಾದರೂ ಗೊತ್ತಾದರೆ?” ಆ ‘ಯಾರಾದರೂ’ ನಾವೇ. ಬಾವಿಕಟ್ಟೆಯ ಬಳಿಯ ನಮ್ಮ ಪಿಸುಮಾತು, ತಟ್ಟೆಲೋಟ ಬೇರೆ ಇಡುವ ನಮ್ಮ ಕೈ, ಸಾವಿನ ಮನೆಗೂ ಹೋಗದ ನಮ್ಮ ಕಾಲು, ಇವೇ ಆ ಕಾಗದವನ್ನು ಟ್ರಂಕಿನ ತಳಕ್ಕೆ ತಳ್ಳುತ್ತವೆ. ವೈರಾಣು ವರ್ಷಗಳಲ್ಲಿ ಮಾಡುವ ಕೆಲಸಕ್ಕೆ ನಮ್ಮ ನಾಲಿಗೆ ಹೆಗಲು ಕೊಡುತ್ತದೆ.

2017ರಲ್ಲಿ ಸಂಸತ್ತು ಅಂಗೀಕರಿಸಿದ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ಇವುಗಳಲ್ಲಿ ಸೋಂಕಿನ ಕಾರಣಕ್ಕೆ ತಾರತಮ್ಯ ಮಾಡುವುದನ್ನು ಅದು ನಿಷೇಧಿಸುತ್ತದೆ. ಒಬ್ಬರ ಸೋಂಕಿನ ಸಂಗತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನೂ ತಡೆಯುತ್ತದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2005ರಲ್ಲೇ ಈ ಸೋಂಕಿನವರನ್ನು ಕುರಿತು ಒಂದು ನೀತಿಯನ್ನು ಪ್ರಕಟಿಸಿ ಕರುಣೆ ಮತ್ತು ಆರೈಕೆಯ ದಾರಿ ತೋರಿಸಿತು. ಕಾನೂನು ಹೇಳುವ ಮೊದಲೇ ನಮಗೆ ದಾರಿ ತಿಳಿದಿತ್ತು.

ಹಾಗಾದರೆ ಏನು ಮಾಡಬಹುದು? ದೊಡ್ಡದೇನೂ ಬೇಡ. ತಿಂಗಳಿಗೊಮ್ಮೆ ಕೇಂದ್ರಕ್ಕೆ ಹೋಗುವ ತಾಯಿಯ ಮಗುವನ್ನು ಆ ದಿನ ನೋಡಿಕೊಳ್ಳಬಹುದು. ವಿನ್ಸೆಂಟ್ ದೇ ಪಾವ್ಲ್ ಸಭೆಯವರು ಹೆಸರು ಕೇಳದೆ ಬಸ್ಸಿನ ಖರ್ಚು ಕೊಡಬಹುದು. ಭಾಷೆ ಬಲ್ಲ ಯುವಕನೋ ಧರ್ಮಭಗಿನಿಯೋ ಜೊತೆಗೆ ಹೋಗಿ ವೈದ್ಯರ ಮಾತನ್ನು ಕನ್ನಡದಲ್ಲಿ ಹೇಳಬಹುದು. ಬಂದ ಮೇಲೆ ಬಾಯಿ ಮುಚ್ಚಿಕೊಂಡಿರಬಹುದು. ಪಾಪನಿವೇದನೆಯ ಗುಟ್ಟನ್ನು ಧರ್ಮಗುರು ಕಾಯುವಂತೆ ಈ ಗುಟ್ಟನ್ನು ನಾವೆಲ್ಲರೂ ಕಾಯಬಹುದು.

ಇನ್ನು, ಆ ಕಾಗದವನ್ನು ಬಚ್ಚಿಟ್ಟಿರುವ ನಮ್ಮ ಸಹೋದರ ಸಹೋದರಿಯರಿಗೆ ಒಂದು ಮಾತು. ಬೇಗ ಔಷಧ ಆರಂಭಿಸಿ ಬಿಡದೆ ತೆಗೆದುಕೊಂಡವರು ಇಂದು ಉಳಿದವರಂತೆಯೇ ಬದುಕುತ್ತಿದ್ದಾರೆ. ದುಡಿಯುತ್ತಾರೆ, ಮಕ್ಕಳನ್ನು ಓದಿಸುತ್ತಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಕಾಗದವನ್ನು ಹೊರತೆಗೆಯಿರಿ. ಈ ವಾರವೇ ಎ.ಆರ್.ಟಿ. ಕೇಂದ್ರಕ್ಕೆ ಹೋಗಿ. ಒಬ್ಬರೇ ಹೋಗಲು ಕಷ್ಟವಾದರೆ ನಿಮ್ಮ ಧರ್ಮಗುರುವಿಗೆ ಹೇಳಿ. ಕಾರಣ ಕೇಳದೆ ಜೊತೆಗೆ ಬರುತ್ತೇವೆ.